ಒಂದು ಸೌಟಿನ ಜಾಗ

ಗಂಗಾವತಿಯ ಅಕ್ಕಿ ಗಿರಣಿಯೊಂದಕ್ಕೆ ನಮ್ಮ ಯಜಮಾನರು ತೂಕದ ಯಂತ್ರವನ್ನೂ ಹಳೆಯ ಕಂಪ್ಯೂಟರನ್ನೂ ಅಂಕಿ ಸಾಗಿಸುವ ಸೀರಿಯಲ್ ಕೇಬಲ್ಲಿನಿಂದ ಜೋಡಿಸಿಕೊಟ್ಟಿದ್ದರು. ಪ್ರೋಗ್ರಾಮೂ ಅವರದೇ. ನೌಕರಿ ಬಿಟ್ಟು ಸ್ವಂತವಾಗಿ ಹಿಡಿದ ಮೊದಲ ಕೆಲಸ. ಚೀಲ ತೂಗಿದಂತೆಲ್ಲ ಚೀಟಿ ಅಚ್ಚಾಗಬೇಕು. ಆದರೆ ಕೆಲವು ಚೀಟಿಗಳಲ್ಲಿ ಕೊನೆಯ ಅಂಕಿಗಳೇ ಇರುತ್ತಿರಲಿಲ್ಲ.

"ಸೋಮವಾರ ಸರಿ ಆಗ್ಲಿಲ್ಲಂದ್ರ ಒಯ್ದುಬಿಡ್ರಿ. ನಮಗ ಕೈಬರಹನ ಛಲೋ," ಎಂದಿದ್ದರು ಗಿರಣಿಯ ಸಾಹುಕಾರರು.

ಭಾನುವಾರ ತಕ್ಕಡಿ, ಕಂಪ್ಯೂಟರ್, ಪ್ರಿಂಟರ್ ಎಲ್ಲವೂ ನಮ್ಮ ಊಟದ ಮೇಜಿಗೆ ಬಂತು. ನಾನು ತೊಗರಿಬೇಳೆ ಡಬ್ಬಿಯನ್ನು ತಕ್ಕಡಿಗೆ ಇಟ್ಟು ತೆಗೆಯುತ್ತಿದ್ದೆ. ಪ್ರಿಂಟರ್ ಕಿರ್ರೆನ್ನುವಾಗ ಮಾತ್ರ ಅಂಕಿ ಕಾಣೆಯಾಗುತ್ತಿದ್ದವು. ಇವರಿಗೆ ಹೇಳಿದೆ.

"ಗೊತ್ತೈತಿ. ಅಚ್ಚು ಹಾಕೂವಾಗ ಕಂಪ್ಯೂಟರ್ ಬಂದ ಅಂಕಿ ಒಂದ್ಕಡೆ ಕೂಡಿಡ್ತೈತಿ. ಆ ಜಾಗ ತುಂಬಿದ ಕೂಡ್ಲೆ ಬ್ಯಾರೆ ತಂತಿಯೊಳಗ ತಕ್ಕಡಿಗೆ 'ನಿಲ್ಲು' ಅಂತೈತಿ. ನಿಲ್ತೈತಿ ಮತ್ತ. ಆದ್ರೂ ಅಂಕಿ ಹೋಗ್ತಾವು."

ಅಷ್ಟರಲ್ಲಿ ಅತ್ತೆ ಊಟ ತಂದರು. ಈ ಮನೆಯಲ್ಲಿ 'ಸಾಕು' ಎಂದರೆ ಯಾರೂ ಬಡಿಸುವುದು ನಿಲ್ಲಿಸುವುದಿಲ್ಲ. ತಟ್ಟೆಗೆ ಅಂಗೈ ಅಡ್ಡ ಬರಬೇಕು. ಕಾನ್ವೆಂಟ್ ಹಾಸ್ಟೆಲಿನಲ್ಲಿ ಅಳತೆಯ ಊಟ ಉಂಡು ಬೆಳೆದ ನಾನು, ಮದುವೆಯಾದ ಹೊಸದರಲ್ಲಿ ಎಷ್ಟೋ ಸೀರೆಗೆ ಸಾರು ಚೆಲ್ಲಿಕೊಂಡೇ ಅದನ್ನು ಕಲಿತದ್ದು.

ಇವರ ಕಣ್ಣು ಪರದೆಯ ಮೇಲೆ. ತಟ್ಟೆ ತುಂಬಿದ ಮೇಲೆ ಸಾಕೆಂದರು. ಸಾರು ಅಂಚು ದಾಟಿ ಕೇಬಲ್ಲಿನ ಕಡೆ ಹೊರಟಿತು.

"ಸಾಕಂದ್ನೆಲ್ಲವ್ವ."

"ನೀ ಅನ್ನೂದ್ರಾಗ ಸೌಟು ಬಗ್ಗಿತ್ತು. ಬಗ್ಗಿದ್ದನ್ನ ವಾಪಸ್ ತಗೀಲಿ ಹೆಂಗ? ನಿನ್ನ ಹೆಂಡ್ತಿನ್ನ ನೋಡು, ಇನ್ನೊಂದು ಸೌಟಿನ ಜಾಗ ಇರೂವಾಗ್ಲೆ ಕೈ ಅಡ್ಡ ಹಿಡೀತಾಳ."

ನಾನು ಮೇಜು ಒರೆಸುತ್ತಿದ್ದೆ. ಇವರು ನನ್ನ ಕೈಯನ್ನೇ ನೋಡುತ್ತಿದ್ದರು.

"ತುಂಬಿದ ಮ್ಯಾಲ ನಿಲ್ಲು ಅನ್ನಾಕತ್ತೇನಿ ನಾ," ಎಂದರು ಮೆಲ್ಲಗೆ. "ಅಷ್ಟೊತ್ತಿಗೆ ತಕ್ಕಡಿ ಬಿಟ್ಟ ಅಂಕಿ ದಾರ್ಯಾಗ ಇರ್ತಾವು. ಅವು ಎಲ್ಲಿ ಕುಂದರಬೇಕು?"

"ಮೊದ್ಲ ಉಣ್ಣು," ಎಂದರು ಅತ್ತೆ.

ಉಂಡ ಮೇಲೆ ಪ್ರೋಗ್ರಾಮು ಬದಲಾಯಿತು. ಕೂಡಿಡುವ ಜಾಗದಲ್ಲಿ ಕಾಲುಭಾಗ ಖಾಲಿ ಇರುವಾಗಲೇ 'ನಿಲ್ಲು'. ಅರ್ಧ ಖಾಲಿಯಾದ ಮೇಲೆ 'ಬಾ'. ನನ್ನ ತೋಳು ಸೋಲುವ ತನಕ ಡಬ್ಬಿ ತೂಗಿದೆವು. ಒಂದು ಅಂಕಿಯೂ ಹೋಗಲಿಲ್ಲ.

ಸೋಮವಾರ ಗಿರಣಿಯಲ್ಲಿ ಸಾಹುಕಾರರು ಕನ್ನಡಕ ಏರಿಸಿ ಚೀಟಿಗಳನ್ನು ತಿರುವಿದರಂತೆ. "ಇಲ್ಲೇ ಇರ್ಲಿ ಬಿಡ್ರಿ," ಅಂದರಂತೆ. ಇವರು ಮಧ್ಯಾಹ್ನ ಹಸಿದು ಬಂದು ಕುಳಿತರು. ಸಾರು ಇನ್ನೂ ತಟ್ಟೆಯ ಅಂಚಿಗೆ ಬಂದಿರಲಿಲ್ಲ, ಕೈ ಅಡ್ಡ ಬಂತು. ಅತ್ತೆ ಆಗಲೇ ಬಗ್ಗಿದ್ದ ಇನ್ನೊಂದು ಸೌಟನ್ನು ಬೆರಳಿನ ಸಂದಿಯಲ್ಲೇ ಹಾಕಿದರು. ಚೆಲ್ಲದೆ ತಟ್ಟೆಯಲ್ಲೇ ಹಿಡಿಯಿತು.