ತಮ್ಮನ ಗುಳಿಗೆ

ತಮ್ಮನಿಗೆ ಫಿಟ್ಸ್ ಬರುತ್ತದೆ ಎಂದು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅವನು ಬಿದ್ದರೆ ಅವ್ವ ಸೆರಗಿನಿಂದ ಬಾಯಿ ಒರೆಸಿ, ನೋಡಿದವರಿಗೆ "ಪಿತ್ತ ಆಗ್ಯಾದ್ರಿ, ಮುಂಜಾನಿಂದ ಏನೂ ತಿಂದಿಲ್ಲ" ಎನ್ನುತ್ತಿದ್ದಳು. ಗೊತ್ತಾದರೆ ನನ್ನನ್ನು ಯಾರೂ ಲಗ್ನ ಮಾಡಿಕೊಳ್ಳುವುದಿಲ್ಲ ಎಂಬ ಹೆದರಿಕೆ ಅವಳಿಗೆ. ಲಗ್ನವಾಗಿ, ಮಕ್ಕಳಾದರೂ ನನಗೆ ಆ ಮುಚ್ಚುವ ಚಾಳಿ ಹೋಗಲಿಲ್ಲ.

ಅವ್ವ ತೀರಿದ ಮೇಲೆ ತಮ್ಮ ಸಂತಪುರಕ್ಕೆ, ನನ್ನ ಮನೆಗೆ ಬಂದ. ಹುಟ್ಟಿನಿಂದಲೇ ಅವನ ಬುದ್ಧಿ ನಿಧಾನ, ಲೆಕ್ಕ, ವ್ಯವಹಾರ ತಿಳಿಯದು. ಜೋಳದ ರೊಟ್ಟಿ ಬಡಿಯುವುದರಲ್ಲಿ ಮಾತ್ರ ನನಗಿಂತ ಮುಂದು. ಗಂಡನ ಕಣ್ಣು ತಪ್ಪಿಸಿ ದಿನವೂ ಅವನಿಗೆ ಗುಳಿಗೆ ಕೊಡುತ್ತಿದ್ದೆ. ನುಂಗಿದರೆ ಫಿಟ್ಸ್ ಬರುತ್ತಿರಲಿಲ್ಲ.

ಆಮೇಲೆ ಒಂದು ವರ್ಷ ಮಳೆ ಕೈಕೊಟ್ಟಿತು. ಊರ ಮಂದಿಯೊಂದಿಗೆ ನಾವೂ ಪುಣೆಗೆ ಕಟ್ಟಡದ ಕೆಲಸಕ್ಕೆ ಹೊರಟೆವು. ಬೀದರಿನಲ್ಲಿ ತಮ್ಮನಂಥ ನಾಲ್ಕು ಜನ ಒಂದೇ ಮನೆಯಲ್ಲಿದ್ದು, ತಾವೇ ಅಡುಗೆ ಮಾಡಿಕೊಂಡು, ಬೇಕಾದಲ್ಲಿ ಸಹಾಯ ಪಡೆದು ಬಾಳುತ್ತಾರೆಂದು ಕೇಳಿ ಅವನನ್ನು ಅಲ್ಲಿಗೆ ಕರೆದೊಯ್ದೆ. ಅವರನ್ನು ನೋಡಿಕೊಳ್ಳುವ ಹೆಂಗಸನ್ನು ಎಲ್ಲರೂ ಚಿಕ್ಕಮ್ಮನನ್ನು ಕರೆದಂತೆ ಮಾವಶಿ ಎನ್ನುತ್ತಿದ್ದರು.

"ಫಿಟ್ಸ್ ಗಿಟ್ಸ್ ಬರ್ತಾವೇನವ್ವಾ? ಇದ್ದದ್ದು ಇದ್ದಂಗ ಹೇಳು" ಎಂದರು ಮಾವಶಿ.

"ಇಲ್ರಿ. ಏನೂ ಇಲ್ರಿ."

ತಮ್ಮ ನನ್ನ ಮುಖ ನೋಡಿದ. ಯಾರಿಗೂ ಹೇಳಬೇಡ ಎಂದು ಬಸ್ಸಿನಲ್ಲೇ ಹೇಳಿಟ್ಟಿದ್ದೆ. ನಿಜ ಹೇಳಿದರೆ ಇಟ್ಟುಕೊಳ್ಳುವುದಿಲ್ಲ ಎಂದುಕೊಂಡಿದ್ದೆ. ಗುಳಿಗೆಗಳು ನನ್ನ ಚೀಲದಲ್ಲೇ ಉಳಿದು ನನ್ನ ಜೊತೆ ಪುಣೆಗೆ ಬಂದವು.

ಸ್ವಲ್ಪ ದಿನಕ್ಕೇ ಫೋನ್ ಬಂತು. ಬೇಯುತ್ತಿದ್ದ ರೊಟ್ಟಿಗೆ ನೀರು ಸವರುವಾಗ ತಮ್ಮ ಬಿದ್ದಿದ್ದ. ಒಲೆಯ ಮೇಲಿನ ಕಾದ ಹಂಚು ತಾಗಿ ಅಂಗೈ ಸುಟ್ಟಿತ್ತು. ಎಚ್ಚರವಾದ ಮೇಲೆ ಅವನೇ ಮಾವಶಿಗೆ ಹೇಳಿದನಂತೆ: "ನನ್ನ ಗುಳಿಗಿ ಅಕ್ಕನ ಬಲ್ಲಿ ಅವ."

ಮಕ್ಕಳನ್ನು ಊರ ಮಂದಿಯ ಬಳಿ ಬಿಟ್ಟು ಗಂಡನೂ ನಾನೂ ರೈಲು ಹತ್ತಿದೆವು. ಇನ್ನು ತಮ್ಮನನ್ನು ಮನೆಗೆ ಕಳಿಸಿಬಿಡುತ್ತಾರೆ, ಸಂತಪುರದ ಬೀಗ ಹಾಕಿದ ಮನೆಯಲ್ಲಿ ಅವನನ್ನು ಯಾರ ಬಳಿ ಬಿಡಲಿ ಎಂಬುದೇ ಚಿಂತೆ. ಭಾಲ್ಕಿ ಸ್ಟೇಷನ್ನಿನಲ್ಲಿ ರೈಲು ನಿಂತಾಗ ಗಂಡನಿಗೆ ಎಲ್ಲ ಹೇಳಿ ಅತ್ತುಬಿಟ್ಟೆ. ಅವರು ಶೇಂಗಾ ಸುಲಿಯುತ್ತಿದ್ದರು.

"ನನಗ ಲಗ್ನದ ದಿನಾನೇ ಗೊತ್ತಾಗ್ಯಾದ. ಹಂದರದ ಹಿಂದ ಅವ ಬಿದ್ದಾಗ ಎತ್ತಿ ಕೂಡಿಸಿದಾವ ನಾನೇ. ನಿಮ್ಮವ್ವ ಪಿತ್ತ ಅಂದ್ಲು, ನಾ ಹೂಂ ಅಂದೆ."

"ಮತ್ತ ಇಷ್ಟು ದಿನಾ ಯಾಕ ಹೇಳಿಲ್ರಿ?"

"ನೀ ಯಾಕ ಹೇಳಿಲ್ಲ? ಹಿಡಿ, ಶೇಂಗಾ ತಿನ್ನು."

ಬೀದರಿನಲ್ಲಿ ತಮ್ಮ ಕೈಗೆ ಬಟ್ಟೆ ಸುತ್ತಿಕೊಂಡು ಕಟ್ಟೆಯ ಮೇಲೆ ಕೂತಿದ್ದ. ನನ್ನನ್ನು ಕಂಡವನೇ "ಗುಳಿಗಿ ತಂದೀ?" ಎಂದ. ಬೈಯಲಿಲ್ಲ. ಬೈದವರು ಮಾವಶಿ.

"ಹೇಳಿದ್ರ ಇಟ್ಕೋತಿದ್ದಿಲ್ಲ ಅಂತ ತಿಳದಿದ್ದಿ? ಆ ಬಾಗಲ್ದಾಗ ನಿಂತಾನಲ್ಲ, ಅವಗೂ ಬರ್ತಾವ. ಗೊತ್ತಿದ್ರ ಒಲಿ ಮುಂದ ಒಬ್ಬನ್ನೇ ಬಿಡ್ತಿದ್ನೇನು? ನಿನ್ನ ತಮ್ಮನ ಕೈ ಅಲ್ಲವ್ವಾ, ನೀ ನನ್ನ ಕೈ ಸುಟ್ಟಿ."

"ತಪ್ಪಾಯ್ತ್ರಿ. ಕರ್ಕೊಂಡು ಹೋಗ್ಲೇನ್ರಿ?"

"ಎಲ್ಲಿಗಿ? ಅವನ ರೊಟ್ಟಿ ರುಚಿ ಹತ್ಯಾದ ಎಲ್ಲರಿಗಿ. ಅವ ಎಲ್ಲಿಗೂ ಬರಲ್ಲ."

ಕೈ ಮಾಯ್ದ ಮೇಲೆ ಮಾವಶಿ ರೊಟ್ಟಿಯ ಕೆಲಸವನ್ನು ಇಬ್ಬರಿಗೆ ಹಂಚಿದರು. ತಮ್ಮ ಒಲೆಯಿಂದ ದೂರ, ನೆಲದ ಮೇಲೆ ಕೂತು ಬಡಿಯುತ್ತಾನೆ, ಇನ್ನೊಬ್ಬ ಬೇಯಿಸುತ್ತಾನೆ. ಒಳಗೆ ಬಿದ್ದರೆ ಗೊತ್ತಾಗಲೆಂದು ಬಚ್ಚಲಿನ ಒಳಚಿಲಕ ತೆಗೆಸಿ ಪರದೆ ಹಾಕಿಸಿದರು. ಊಟವಾದ ಮೇಲೆ ಎಲ್ಲರೂ ಒಟ್ಟಿಗೆ ಕೂತಾಗಲೇ ಗುಳಿಗೆ.

ಮಳೆ ಬಂದು ನಾವು ಊರಿಗೆ ಮರಳಿ ಬಹಳ ದಿನಗಳಾದವು. ಅವನು ಮಾತ್ರ ಬೀದರಿನಲ್ಲೇ ಇದ್ದಾನೆ. ನಮ್ಮ ಮನೆಗೆ ಬಂದರೆ ಒಂದು ರಾತ್ರಿ ನಿಲ್ಲುವುದೇ ಹೆಚ್ಚು. ಹೋದ ವಾರ ಔರಾದಿನಿಂದ ಬರುವ ಬಸ್ಸಿನಲ್ಲಿ ನಾನೇ ಬೀದರಿಗೆ ಹೋಗಿದ್ದೆ. ಅವನ ಅಂಗೈಯಲ್ಲಿ ಸುಟ್ಟ ಕಲೆ ಇನ್ನೂ ಇದೆ. ನಾನು ಅದನ್ನು ನೋಡುತ್ತೇನೆ, ಅವನು ನೋಡುವುದಿಲ್ಲ. ನಾನು ಅಲ್ಲಿದ್ದಾಗಲೇ ಕರೆಂಟಿನ ಮೀಟರ್ ನೋಡುವವನು ಬಂದ. ತಮ್ಮ ಹಿಟ್ಟಿನ ಕೈಯಲ್ಲೇ ಎದ್ದು ಹೋಗಿ ಅವನಿಗೂ ಹೇಳಿದ: "ನನಗ ಫಿಟ್ಸ್ ಬರ್ತಾವ್ರಿ. ಬಿದ್ರ ಮಗ್ಗಲಿಗಿ ಮಲಗಿಸ್ರಿ, ಹೆದರಬ್ಯಾಡ್ರಿ."

ಆ ಮನುಷ್ಯ ಗಾಬರಿಯಾಗಿ ನನ್ನ ಕಡೆ ನೋಡಿದ.

"ಹೌದ್ರಿ, ಬರ್ತಾವ. ನನ್ನ ತಮ್ಮ ಅವ" ಎಂದೆ.