ಕಸ್ತೂರಿ ಬೆದರದ ದಿನ

ನಿಮ್ಮಷ್ಟೇ ಚಿಕ್ಕವಳಿದ್ದಾಗ ನಾನು ಶಾಲೆಗೆ ಹೋಗುತ್ತಿದ್ದುದು ಅಪ್ಪನ ಟಾಂಗಾದಲ್ಲಿ. ಒಂದು ಕುದುರೆ, ಎರಡು ದೊಡ್ಡ ಗಾಲಿ, ಮೇಲೊಂದು ಕಪ್ಪು ಮುಚ್ಚಿಗೆ, ಅದೇ ಟಾಂಗಾ. ನಮ್ಮ ಮನೆ ಬೈರಿದೇವರಕೊಪ್ಪದಲ್ಲಿತ್ತು. ಈಗಿನ ಹಾಗೆ ಅಲ್ಲಿ ಮಹಡಿ ಮನೆಗಳಿರಲಿಲ್ಲ, ಹಿತ್ತಲು ದಾಟಿದರೆ ಹತ್ತಿಯ ಹೊಲ. ಹುಡುಗಿಯರ ದೊಡ್ಡ ಶಾಲೆ ಇದ್ದದ್ದು ಹುಬ್ಬಳ್ಳಿಯಲ್ಲಿ. ಅಪ್ಪ ಬೆಳಿಗ್ಗೆ ಓಣಿಯ ಹುಡುಗಿಯರನ್ನೆಲ್ಲ ತುಂಬಿಕೊಂಡು ಉಣಕಲ್ಲ ಕೆರೆಯ ಪಕ್ಕದ ರಸ್ತೆಯಲ್ಲಿ ಹೊರಡುತ್ತಿದ್ದ. ನಾನು ಮತ್ತು ಎದುರುಮನೆಯ ನನ್ನ ಗೆಳತಿ ಹಿಂದಿನ ಸೀಟಿನಲ್ಲಿ ಕಾಲು ಇಳಿಬಿಟ್ಟು ಕೂತು, ಹಿಂದಕ್ಕೆ ಓಡುವ ರಸ್ತೆ ನೋಡುತ್ತಿದ್ದೆವು. ಚರ್ಮದ ಪಟ್ಟಿಯ ವಾಸನೆ, ಹುಲ್ಲಿನ ವಾಸನೆ, ಯಾರದೋ ಡಬ್ಬಿಯೊಳಗಿನ ಶೇಂಗಾ ಚಟ್ನಿಯ ವಾಸನೆ ಎಲ್ಲ ಸೇರಿ ಟಾಂಗಾಕ್ಕೆ ಅದರದೇ ಒಂದು ಘಮವಿತ್ತು.

ನಾನು ಹೇಳಬೇಕೆಂದಿರುವುದು ಒಂದೇ ಒಂದು ಮುಂಜಾನೆಯ ಕಥೆ. ಆದರೆ ಆ ಮುಂಜಾನೆ ಸುಮ್ಮನೆ ಬರಲಿಲ್ಲ. ಅದಕ್ಕೆ ಮೊದಲು ಏನಾಯಿತೆಂದು ಹೇಳದಿದ್ದರೆ ನಿಮಗೆ ಅದರ ಖುಷಿ ಗೊತ್ತಾಗುವುದಿಲ್ಲ.

ನಮ್ಮ ಹಳೆಯ ಕುದುರೆಗೆ ವಯಸ್ಸಾದ ಮೇಲೆ ಅಪ್ಪ ಕಸ್ತೂರಿಯನ್ನು ತಂದ. ಕೆಂಪು ಮೈ, ಹಣೆಯ ಮೇಲೆ ಬಿಳಿ ಬೊಟ್ಟು, ಎಳೆ ವಯಸ್ಸಿನ ಹೆಣ್ಣು ಕುದುರೆ. ಬಂದಾಗ ಅದರ ಪಕ್ಕೆಲುಬು ಎಣಿಸಬಹುದಾಗಿತ್ತು. ಅಪ್ಪ "ಎಷ್ಟ ಸೊರಗೇದ ನೋಡ, ಪಾಪ" ಎನ್ನುತ್ತ ಬೇಯಿಸಿದ ಹುರುಳಿ, ನೆನೆಸಿದ ಕಡಲೆ, ಮೇಲೆ ಬೆಲ್ಲದ ಹೆಂಟೆ, ಹೀಗೆ ಮನೆಗೆ ಬಂದ ಅಳಿಯನಿಗೆ ಬಡಿಸುವ ಹಾಗೆ ತಿನ್ನಿಸಿದ. ಹುಲ್ಲಿನ ಕಡೆ ಅಷ್ಟು ಗಮನ ಕೊಡಲಿಲ್ಲ. ಕೆಲವೇ ವಾರಗಳಲ್ಲಿ ಕಸ್ತೂರಿಯ ಮೈ ಕನ್ನಡಿಯ ಹಾಗೆ ಹೊಳೆಯತೊಡಗಿತು. ಜೊತೆಗೆ ಅದರ ಹೆದರಿಕೆಯೂ ಬೆಳೆಯಿತು. ಗಾಳಿಗೆ ಹಾರಿದ ಕಾಗದ ಕಂಡರೆ ಅಡ್ಡ ಜಿಗಿಯುತ್ತಿತ್ತು. ಬೆಳಗಾಗುವ ಮುಂಚೆ ಗೋಡೆಗೆ ಒದೆಯುತ್ತಿತ್ತು. ಕಟ್ಟಿದ ಗೂಟವನ್ನು ಕಚ್ಚಿ ಕಚ್ಚಿ ತೆಳ್ಳಗೆ ಮಾಡಿತ್ತು.

ಹುಬ್ಬಳ್ಳಿ ಹತ್ತಿರ ಬರುತ್ತಿದ್ದಂತೆ ರಸ್ತೆ ಬದಿಗೆ ಒಂದು ಬಟ್ಟೆ ಗಿರಣಿ ಇತ್ತು. ಕೆಲಸದವರನ್ನು ಕರೆಯಲು ಅದರ ಭೋಂಗಾ ಊದುತ್ತಿತ್ತು. ಭೋಂಗಾ ಅಂದರೆ ಸೈರನ್ನು, ಅರ್ಧ ಊರಿಗೆ ಕೇಳುವಂಥದ್ದು. ಒಂದು ದಿನ ನಾವು ಸರಿಯಾಗಿ ಗಿರಣಿಯ ಗೇಟಿನ ಎದುರಿಗಿದ್ದಾಗ ಅದು ಊದಿತು. ಕಸ್ತೂರಿ ಮುಂಗಾಲೆತ್ತಿ ನಿಂತು, ಮರುಕ್ಷಣ ಓಡಿತು. ಅಪ್ಪ ಲಗಾಮು ಹಿಡಿದು ಹಿಂದಕ್ಕೆ ಬಾಗಿದರೂ ನಿಲ್ಲಲಿಲ್ಲ. ಒಂದು ಗಾಲಿ ರಸ್ತೆ ಬಿಟ್ಟು ತಗ್ಗಿಗೆ ಇಳಿದು ಟಾಂಗಾ ವಾಲಿತು. ನಾವೆಲ್ಲ ಎರೆಮಣ್ಣಿನ ಮೇಲೆ ಉರುಳಿದೆವು. ಬರೆಯುವ ಪಾಟಿಗಳು ಒಡೆದವು, ಡಬ್ಬಿಯ ರೊಟ್ಟಿ ಮಣ್ಣಾದವು. ಯಾರಿಗೂ ಎಲುಬು ಮುರಿಯಲಿಲ್ಲ, ಪುಣ್ಯ. ನಮ್ಮ ಜೊತೆಗೇ ಶಾಲೆಗೆ ಬರುತ್ತಿದ್ದ ನನ್ನ ಅಕ್ಕನ ಮೊಣಕೈ ತರಚಿತು, ನನ್ನ ಗೆಳತಿಯ ಗಲ್ಲಕ್ಕೆ ಗಾಯವಾಯಿತು.

ಮರುದಿನ ಟಾಂಗಾ ಹತ್ತಲು ಯಾರೂ ಬರಲಿಲ್ಲ. ಎದುರುಮನೆಯ ಕಾಕು, ನನ್ನ ಗೆಳತಿಯ ಅವ್ವ, ಬಾಗಿಲಲ್ಲೇ ನಿಂತು ಹೇಳಿದಳು: "ಸಿಟ್ಟಾಗಬ್ಯಾಡ್ರಿ ಅಣ್ಣಾ. ನಿಮ್ಮ ಕುದರಿ ಮ್ಯಾಲ ನನಗ ನಂಬಿಕಿ ಇಲ್ಲ. ನಮ್ಮ ಹುಡುಗಿ ಓದಿದ್ದ ಸಾಕು. ಮನ್ಯಾಗ ರೊಟ್ಟಿ ಬಡಿಯೂದ ಕಲೀಲಿ." ಬಾಗಿಲ ಸಂದಿಯಿಂದ ನನ್ನ ಗೆಳತಿ ನನ್ನನ್ನೇ ನೋಡುತ್ತಿದ್ದಳು. ಗಲ್ಲದ ಮೇಲೆ ಅರಿಸಿನ ಮೆತ್ತಿತ್ತು. ಆ ಮಾತು ಮನೆಯಿಂದ ಮನೆಗೆ ಹಬ್ಬಿತು. ಅಪ್ಪ ಮನೆಗೆ ಬಂದು ಟೊಪ್ಪಿಗೆ ತೆಗೆದು ಕಂಬಕ್ಕೆ ಒರಗಿ ಕೂತ. "ಇದನ್ನ ಮಾರಿಬಿಡ್ತೇನಿ" ಎಂದ.

ಅಕ್ಕನಿಗೆ ಮಾತ್ರ ಸುಮ್ಮನಿರಲು ಆಗಲಿಲ್ಲ. ಅವಳದು ಏಳನೆಯ ಇಯತ್ತೆ, ವರ್ಷದ ಕೊನೆಗೆ ದೊಡ್ಡ ಪರೀಕ್ಷೆ. ಆ ವಾರವೇ ದನಕರುಗಳಿಗೆ ಸೂಜಿ ಹಾಕಲು ದನದ ಡಾಕ್ಟರು ಊರಿಗೆ ಬಂದಿದ್ದರು. ಅಕ್ಕ ನೇರ ಅವರ ಮುಂದೆ ಹೋಗಿ ನಿಂತು, "ನಮ್ಮ ಕುದರಿಗೆ ಏನೋ ಆಗೇತ್ರಿ, ಒಂದೀಟ ಬಂದು ನೋಡ್ರಿ" ಎಂದು, ಭೋಂಗಾಕ್ಕೆ ಅದು ಬೆದರಿ ಓಡಿದ್ದನ್ನೂ ಹೇಳಿ, ಕರೆದುಕೊಂಡೇ ಬಂದಳು.

ಡಾಕ್ಟರು ಕಸ್ತೂರಿಯ ಹಲ್ಲು ನೋಡಿದರು, ಹೊಟ್ಟೆಗೆ ಕಿವಿಯಿಟ್ಟು ಕೇಳಿದರು, ಕಚ್ಚಿದ ಗೂಟದ ಮೇಲೆ ಬೆರಳಾಡಿಸಿದರು.

"ಏನ ತಿನ್ನಸ್ತೀರಿ ಇದಕ್ಕ?"

ಅಪ್ಪ ಹೆಮ್ಮೆಯಿಂದಲೇ ಹೇಳಿದ. ಹುರುಳಿ, ಕಡಲೆ, ಬೆಲ್ಲ.

"ಮತ್ತ ಹುಲ್ಲ?"

"ಹುಲ್ಲೇನ್ರಿ, ಮುಂಜಾನಿ ಒಂದ ಹಿಡಿ, ಸಂಜಿಗಿ ಒಂದ ಹಿಡಿ."

ಡಾಕ್ಟರು ನಕ್ಕರು. "ನೀವು ಪ್ರೀತೀಲೇ ತಿನ್ನಸೀರಿ, ಖರೇ. ಆದ್ರ ಕುದರಿ ಹೊಟ್ಟಿ ದಿನಾಪೂರ್ತಿ ಹುಲ್ಲ ಮೇಯೂ ಹೊಟ್ಟಿ ಐತ್ರಿ. ಖಾಲಿ ಬಿಟ್ರ ಒಳಗ ಉರೀತದ. ಮ್ಯಾಲ ಇಷ್ಟ ಕಾಳು ಬಿದ್ರ ಮೈಯಾಗಿನ ಕಸುವು ಒಮ್ಮಿಗೇ ಉಕ್ಕತದ. ಹೊಟ್ಟಿ ಉರಿಯಾಕತ್ತೇತಿ, ಮೈ ಕುಣಿಯಾಕತ್ತೇತಿ. ಅದಕ್ಕ ಸಮಾಧಾನ ಎಲ್ಲಿಂದ ಬರಬೇಕು?"

"ಕಾಳ ಕಡಿಮಿ ಮಾಡಂದ್ರ ಹೆಂಗ್ರಿ? ದುಡಿಯೂ ಜೀವ. ಮಂದಿ ನನಗ ಏನಂದಾರು?"

ಆಗ ಒಳಗಿನಿಂದ ಅವ್ವ ಬಂದಳು. "ಮಂದಿ ಮಾತ ಬಿಡ್ರಿ. ಹಬ್ಬದ ದಿನ ನಿಮ್ಮ ಮಕ್ಕಳು ಹೋಳಿಗಿ ಮ್ಯಾಲ ಹೋಳಿಗಿ ತಿಂದು ಹೆಂಗ ಮನಿ ಮ್ಯಾಲ ಕೆಳಗ ಮಾಡ್ತಾರ, ಕಂಡಿಲ್ಲೇನು? ಡಾಕ್ಟರು ಹೇಳಿದಂಗ ಮಾಡೂಣು."

ಡಾಕ್ಟರು ಎಲ್ಲವನ್ನೂ ನಿಧಾನಕ್ಕೆ ಬಿಡಿಸಿ ಹೇಳಿದರು. ಕಾಳನ್ನು ಒಮ್ಮೆಗೇ ನಿಲ್ಲಿಸಬಾರದು, ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಹುಲ್ಲು ಯಾವಾಗಲೂ ಮುಂದೆ ಇರಬೇಕು. ನೆಕ್ಕಲು ಉಪ್ಪಿನ ಗಡ್ಡೆ ಇಡಬೇಕು. ಅಗಸೆ ಬೀಜವನ್ನು ಚೆನ್ನಾಗಿ ಕುದಿಸಿ ಕೊಟ್ಟರೆ ಹೊಟ್ಟೆಗೂ ತಂಪು, ಮೈಗೂ ನಿಧಾನದ ಕಸುವು. ಒಂದು ಪೊಟ್ಟಣದಲ್ಲಿ ಬೂದು ಬಣ್ಣದ ಪುಡಿಯನ್ನೂ ಕೊಟ್ಟರು. "ಇದು ನಿದ್ದಿ ಔಷಧ ಅಲ್ಲ. ಮೈಗೆ ಬೇಕಾದ ಲವಣ ಇದರಾಗ ಅದಾವ. ಇದರ ಕೂಡ ದಿನಾ ಗಿರಣಿ ಕಡೆ ಲಗಾಮ ಹಿಡದು ನಡಸ್ರಿ, ಭೋಂಗಾ ರೂಢಿ ಆಗಲಿ."

ಅಂದಿನಿಂದ ನಮ್ಮ ಮನೆಯ ದಿನಚರಿಯೇ ಬದಲಾಯಿತು. ನಾನು ಮತ್ತು ಅಕ್ಕ ಹೊಲದ ಬದುವಿನ ಮೇಲೆ ಕೂತು ಕರಿಕೆ ಹುಲ್ಲು ಕೊಯ್ಯುತ್ತಿದ್ದೆವು. ಕೈಗೆಲ್ಲ ಹಸಿರು ರಸ, ಮೂಗಿಗೆಲ್ಲ ಹಸಿ ವಾಸನೆ. ಮಾಳಿಗೆಯ ಮೇಲೆ ಹರಡಿ ಒಣಗಿಸಿ, ಲಾಯದ ತುಂಬ ಅಲ್ಲಲ್ಲಿ ಸಿವುಡು ಕಟ್ಟಿ ತೂಗುಹಾಕುತ್ತಿದ್ದೆವು. ಕಸ್ತೂರಿ ಇಲ್ಲಿ ಒಂದು ಬಾಯಿ, ಅಲ್ಲಿ ಒಂದು ಬಾಯಿ ಎಳೆದು ದಿನವಿಡೀ ಮೆಲ್ಲುತ್ತಿತ್ತು. ಅವ್ವ ಒಲೆಯ ಮೇಲೆ ಅಗಸೆ ಕುದಿಸುತ್ತಿದ್ದಳು. ಅದು ಲೊಳಲೊಳ ಎಂದು ಅಂಟಿನ ಹಾಗೆ ಆಗುವವರೆಗೆ ಇಳಿಸುತ್ತಿರಲಿಲ್ಲ. ಕಸ್ತೂರಿ ಮೊದಮೊದಲು ಪುಡಿಯನ್ನು ತುಟಿಯಿಂದಲೇ ಬೇರೆ ಮಾಡಿ ಉಳಿಸಿಬಿಡುತ್ತಿತ್ತು. ಆರಿದ ಅಗಸೆಯ ಅಂಟಿನಲ್ಲಿ ನಾನು ಅದನ್ನು ಕೈಯಿಂದ ಕಲೆಸಿ ಇಟ್ಟೆ. ಬುಟ್ಟಿ ನೆಕ್ಕಿ ಖಾಲಿ ಮಾಡಿತು! ಅಂದು ನನಗಾದ ಹಿಗ್ಗು ಅಷ್ಟಿಷ್ಟಲ್ಲ.

ಅಪ್ಪನಿಗೆ ಮಾತ್ರ ಕೈ ತಡೆಯುತ್ತಿರಲಿಲ್ಲ. ಒಂದು ಸಂಜೆ ಅವ್ವ ಅವನ ಅಂಗೈ ಮೂಸಿ ನೋಡಿ, "ಬೆಲ್ಲ ತಿನ್ನಿಸಿ ಬಂದೀರಿ, ಹೌದಿಲ್ರೀ?" ಎಂದಳು. ಅಪ್ಪ ಸಣ್ಣ ಹುಡುಗನ ಹಾಗೆ ತಲೆ ತಗ್ಗಿಸಿದ. ನಾವು ಬಿದ್ದು ಬಿದ್ದು ನಕ್ಕೆವು.

ಬರಬರುತ್ತ ಗೋಡೆಗೆ ಒದೆಯುವ ಸದ್ದು ನಿಂತಿತು. ಗೂಟ ಕಚ್ಚುವುದು ನಿಂತಿತು. ಅಪ್ಪ ದಿನಾ ಅದನ್ನು ಗಿರಣಿಯ ಕಡೆಗೆ ನಡೆಸಿಕೊಂಡು ಹೋಗಿ, ಮೊದಲು ದೂರದಿಂದ, ಆಮೇಲೆ ಹತ್ತಿರದಿಂದ ಭೋಂಗಾ ಕೇಳಿಸಿದ. ಒಂದು ದಿನ ನಾನು ಲಾಯಕ್ಕೆ ಹೋದಾಗ ಕಸ್ತೂರಿ ಕಾಲು ಚಾಚಿ ಮಲಗಿತ್ತು. ಬಂದಾಗಿನಿಂದ ಅದು ಮಲಗಿದ್ದನ್ನು ನಾವು ಯಾರೂ ನೋಡಿರಲಿಲ್ಲ. ನಾನು ಸದ್ದು ಮಾಡದೆ ಎಲ್ಲರನ್ನೂ ಕರೆತಂದು ತೋರಿಸಿದೆ. ಅಪ್ಪ ಬಹಳ ಹೊತ್ತು ನೋಡಿ, "ನಾಳೆ ಟಾಂಗಾ ಕಟ್ತೇನಿ" ಎಂದ.

ಇನ್ನು ಆ ಮುಂಜಾನೆ. ಎಳೆಬಿಸಿಲು, ಹೊಲದ ಮೇಲೆ ತೆಳು ಮಂಜು. ಅಪ್ಪ ಹಿತ್ತಾಳೆಯ ಗುಂಡಿಗಳನ್ನೆಲ್ಲ ಉಜ್ಜಿ ಟಾಂಗಾ ಹೂಡಿದ್ದ. ಓಣಿಯ ಬಾಗಿಲುಗಳಲ್ಲಿ ಹೆಂಗಸರು ನಿಂತಿದ್ದರು, ಆದರೆ ಒಬ್ಬ ಹುಡುಗಿಯೂ ಹೊರಗೆ ಬರಲಿಲ್ಲ. ನಾನು, ಅಕ್ಕ ಇಬ್ಬರೇ ಹತ್ತಿದೆವು. ಅಪ್ಪ ಲಗಾಮು ಹಿಡಿದು ಇನ್ನೇನು ಹೊರಡಬೇಕು, ಅಷ್ಟರಲ್ಲಿ ಅವ್ವ ಹೊರಗೆ ಬಂದಳು. ಹಬ್ಬಕ್ಕೆ ಉಡುವ ಇಳಕಲ್ ಸೀರೆ ಉಟ್ಟಿದ್ದಳು. ತಲೆಯ ಮೇಲೆ ಸೆರಗು ಸರಿಮಾಡಿಕೊಂಡು, ಎಲ್ಲರೂ ನೋಡುತ್ತಿದ್ದಂತೆ ಮುಂದಿನ ಸೀಟಿಗೆ ಹತ್ತಿ ಅಪ್ಪನ ಪಕ್ಕದಲ್ಲೇ ಕೂತಳು. ನಮ್ಮ ಊರಲ್ಲಿ ಯಾವ ಹೆಂಗಸೂ ಅಲ್ಲಿ ಕೂತಿರಲಿಲ್ಲ.

"ನಡೀರಿ" ಎಂದಳು, ಎದುರುಮನೆಗೂ ಕೇಳುವ ಹಾಗೆ. "ನನ್ನ ಮಕ್ಕಳು ಕುಂತಾರ. ನಾನೂ ಕುಂತೇನಿ."

ಟಾಂಗಾ ಹೊರಟಿತು. ಉಣಕಲ್ಲ ಕೆರೆಯ ಮೇಲಿನ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ಹತ್ತಿ ತುಂಬಿದ ಎತ್ತಿನ ಗಾಡಿಗಳು ಎದುರಾದವು, ಕಸ್ತೂರಿ ಕಿವಿ ಅಲ್ಲಾಡಿಸಿ ಪಕ್ಕಕ್ಕೆ ಸರಿದು ನಡೆಯಿತು. ಲಾರಿಯೊಂದು ಹಾರ್ನ್ ಬಾರಿಸುತ್ತ ಹೋಯಿತು, ಹೆಜ್ಜೆ ತಪ್ಪಲಿಲ್ಲ. ಗಿರಣಿಯ ಗೇಟು ಕಾಣಿಸಿತು. ಅಕ್ಕ ನನ್ನ ಕೈ ಹಿಡಿದಳು.

ಭೋಂಗಾ ಊದಿತು.

ಎದೆಯೊಳಗೇ ಊದಿದ ಹಾಗಿತ್ತು. ಕಸ್ತೂರಿ ನಿಂತುಬಿಟ್ಟಿತು. ಕಿವಿ ಎರಡೂ ನೆಟ್ಟಗಾದವು, ಕುತ್ತಿಗೆಯ ಚರ್ಮ ಅದುರಿತು. ಅವ್ವ ಸೀಟಿನ ಅಂಚು ಗಟ್ಟಿಯಾಗಿ ಹಿಡಿದಳೇ ವಿನಾ ಇಳಿಯಲಿಲ್ಲ. ಅಪ್ಪ ಲಗಾಮು ಎಳೆಯಲಿಲ್ಲ, ಚಾಬೂಕು ಮುಟ್ಟಲಿಲ್ಲ. "ಏನೂ ಇಲ್ಲವ್ವಾ ಕಸ್ತೂರಿ, ಏನೂ ಇಲ್ಲ" ಎಂದ, ಅಷ್ಟೇ. ಭೋಂಗಾ ಇನ್ನೂ ಕೂಗುತ್ತಲೇ ಇತ್ತು. ಕಸ್ತೂರಿ ಮೂಗಿನಿಂದ ಒಂದು ದೀರ್ಘ ಉಸಿರು ಬಿಟ್ಟಿತು. ಆಮೇಲೆ ಬಾಲವೆತ್ತಿ, ಗಿರಣಿಯ ಗೇಟಿನ ಎದುರಿಗೇ, ಲದ್ದಿ ಹಾಕಿ, ಟಪ್ ಟಪ್ ಎಂದು ಮುಂದೆ ನಡೆಯಿತು!

ಗೇಟಿನಲ್ಲಿದ್ದ ಕೆಲಸಗಾರರು ಹೋ ಎಂದು ನಕ್ಕರು. ಅವರಲ್ಲಿ ಕೆಲವರು ನಾವು ಬಿದ್ದ ದಿನ ಓಡಿಬಂದು ಎತ್ತಿದವರೇ. ಒಬ್ಬ, "ಭಲೇ ಕಾಕಾ! ಕುದರಿ ಗಿರಣಿಗೆ ಛಲೋ ಜವಾಬ ಕೊಡ್ತು!" ಎಂದು ಕೂಗಿದ. ಅಪ್ಪ ನಗುತ್ತಲೇ ಅಳುತ್ತಿದ್ದ. ಅವ್ವ ತಾನೇನೂ ನೋಡಿಲ್ಲವೆಂಬಂತೆ ಮೂಗು ಒರೆಸಿಕೊಂಡಳು. ಅಕ್ಕ ಎದ್ದುನಿಂತು ಎರಡೂ ಕೈ ಮೇಲೆತ್ತಿ ಕೂಗಿದಳು, ನಾನೂ ಕೂಗಿದೆ.

ಸುದ್ದಿ ನಮಗಿಂತ ಮೊದಲೇ ಊರು ಮುಟ್ಟಿತ್ತು. ರಾತ್ರಿ ಪಾಳಿ ಮುಗಿಸಿ ಗಿರಣಿಯಿಂದ ಮರಳಿದ ನಮ್ಮೂರ ಸೈಕಲ್ಲಿನವರೇ ಹೇಳಿದ್ದರು. ಮಧ್ಯಾಹ್ನ ಅವ್ವನನ್ನು ಬಿಡಲು ಅಪ್ಪ ವಾಪಸ್ಸು ಬಂದಾಗ ಕಾಕು ಓಣಿಯ ತುದಿಯಲ್ಲೇ ಕಾಯುತ್ತಿದ್ದಳಂತೆ. ಟಾಂಗಾದ ಹತ್ತಿರ ಬಂದು ಕಸ್ತೂರಿಯ ಮೂತಿಯನ್ನು ಮೆಲ್ಲಗೆ ಮುಟ್ಟಿದಳಂತೆ. ಕಸ್ತೂರಿ ಅವಳ ಸೆರಗು ಮೂಸಿ ಸುಮ್ಮನೆ ನಿಂತಿತ್ತಂತೆ. "ನಾಳಿಗೆ ನಮ್ಮ ಹುಡುಗೀನೂ ಬರ್ತಾಳ್ರಿ" ಎಂದಳಂತೆ ಕಾಕು. "ಪಾಟಿ ಹೊಸಾದು ತಂದಿಟ್ಟೇನಿ."

ಮರುದಿನ ಟಾಂಗಾದಲ್ಲಿ ಕಾಲಿಡಲು ಜಾಗವಿರಲಿಲ್ಲ. ನನ್ನ ಗೆಳತಿ ನನ್ನ ಪಕ್ಕದಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಗಿರಣಿ ದಾಟುವಾಗ ಭೋಂಗಾ ಊದಿತು. ನಾವೆಲ್ಲ ಅದಕ್ಕಿಂತ ಜೋರಾಗಿ ಕೂಗಿದೆವು. ಕಸ್ತೂರಿ ತಲೆ ಕೊಡವಿಕೊಂಡು ತನ್ನ ಪಾಡಿಗೆ ನಡೆಯಿತು. ಅಕ್ಕ ಆ ವರ್ಷದ ಪರೀಕ್ಷೆ ಪಾಸಾದಳು. ಓಣಿಯ ಯಾವ ಹುಡುಗಿಯೂ ಶಾಲೆ ಬಿಡಲಿಲ್ಲ.

ಈಗ ನೀವು ಅದೇ ರಸ್ತೆಯಲ್ಲಿ ತಂಪು ಬಸ್ಸಿನಲ್ಲಿ ಶಾಲೆಗೆ ಹೋಗುತ್ತೀರಿ. ಬಾಗಿಲು ತಾನೇ ತೆರೆಯುತ್ತದೆ, ಮುಂದಿನ ನಿಲ್ದಾಣದ ಹೆಸರನ್ನು ಬಸ್ಸೇ ಹೇಳುತ್ತದೆ. ಕಿಟಕಿಯಾಚೆ ನವನಗರದ ಮನೆಗಳು, ಅಂಗಡಿಗಳು, ಕೆರೆಯ ದಂಡೆಯ ಉದ್ಯಾನ. ನಿಮ್ಮ ಬಸ್ಸಿಗೆ ಹುಲ್ಲು ಬೇಡ, ಅಗಸೆ ಬೇಡ, ಯಾವ ಸದ್ದಿಗೂ ಅದು ಬೆದರುವುದಿಲ್ಲ. ಹುಡುಗಿಯರು ಓದಬೇಕೋ ಬೇಡವೋ ಎಂದು ಕೇಳುವವರೂ ಓಣಿಯಲ್ಲಿ ಯಾರೂ ಇಲ್ಲ. ನೋಡಿದರೆ ಸಂತೋಷವಾಗುತ್ತದೆ. ಆದರೆ ಸೋಮವಾರ ಬೆಳಿಗ್ಗೆ ನೀವು ಚಾದರ ಮುಖದವರೆಗೆ ಎಳೆದುಕೊಂಡು, "ಅಜ್ಜಿ, ಇವತ್ತ ಸಾಲಿ ಬ್ಯಾಡ" ಅನ್ನುತ್ತೀರಲ್ಲ, ಆಗ ನನಗೆ ನಗು ತಡೆಯಲು ಆಗುವುದಿಲ್ಲ. ಟಾಂಗಾ ಮತ್ತೆ ತುಂಬಿದ ಆ ದಿನ ನಾವು, ಶಾಲೆಗೆ ಹೊರಟಿದ್ದೇವೆ ಎಂದು ಆ ರಸ್ತೆಯ ಉದ್ದಕ್ಕೂ ಕೂಗಿ ಕೂಗಿ, ಶಾಲೆ ಮುಟ್ಟುವಷ್ಟರಲ್ಲಿ ಗಂಟಲು ಕಟ್ಟಿ, ಹಾಜರಿ ಕರೆದಾಗ ಒಬ್ಬಳ ಬಾಯಿಂದಲೂ ದನಿ ಹೊರಟಿರಲಿಲ್ಲ.