ದೋಣಿಯ ಹಾಲು ಉಪ್ಪಾದ ಬೆಳಿಗ್ಗೆ

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥವನ್ನೆಲ್ಲ ನಂಬುವವಳಲ್ಲ. ಹೊಸದುರ್ಗದ ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿಕೊಂಡಿದ್ದವಳು. ನಕಾಶೆಯ ಮೇಲೆ ಕೋಲಿಟ್ಟು ತೋರಿಸಲಾಗದ್ದು ಲೋಕದಲ್ಲೇ ಇಲ್ಲ ಎಂದು ತಿಳಿದಿದ್ದೆ. ಯಾರಾದರೂ ದೆವ್ವ, ಪವಾಡ ಎಂದು ಶುರು ಮಾಡಿದರೆ ನಗು ತಡೆಯುತ್ತಿರಲಿಲ್ಲ. ಈಗಲೂ ನಂಬುತ್ತೇನೆ ಎನ್ನಲಾರೆ. ಆದರೆ ನಗುವುದನ್ನು ಬಿಟ್ಟು ಬಹಳ ವರ್ಷಗಳಾದವು.

ನಮ್ಮವರೂ ಮೇಷ್ಟರೇ. ಮದುವೆಯಾದ ಸ್ವಲ್ಪ ಕಾಲಕ್ಕೆ ಮಾಲ್ಡೀವ್ಸ್ ದ್ವೀಪದ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುವ ಕೆಲಸ ಸಿಕ್ಕಿತು, ಹೊರಟರು. ಮಾಡದಕೆರೆಯ ಮನೆಯಲ್ಲಿ ನಾನು, ಅತ್ತೆ ಇಬ್ಬರೇ ಉಳಿದೆವು. ಅತ್ತೆ ಕುರಿ ಕಾಯ್ದು ಮಗನನ್ನು ಓದಿಸಿದವರು. ಅವರು ಕಂಡ ದೊಡ್ಡ ನೀರೆಂದರೆ ಮಾರಿಕಣಿವೆಯ ಜಲಾಶಯ ಒಂದೇ. ಮಗ ಹೋದ ಊರು ಹೇಗಿದೆ ಎಂದು ಕೇಳಿದಾಗ, ಕಣಿವೆ ತುಂಬಿದರೆ ನೀರಿನ ಮೇಲೆ ಉಳಿಯುತ್ತದಲ್ಲ ಗುಡ್ಡದ ನೆತ್ತಿ, ಹಾಗೆ ಎಂದು ಹೇಳಿದ್ದೆ.

ನಮ್ಮವರು ಬರೆಯುತ್ತಿದ್ದ ಕಾಗದಗಳು ನನ್ನ ಪಾಠಕ್ಕೆ ಹಬ್ಬ. ಒಲೆಯ ಮೇಲಿಟ್ಟ ಅನ್ನ ಬೇಯುವಷ್ಟರಲ್ಲಿ ದ್ವೀಪವನ್ನು ಒಂದು ಸುತ್ತು ಹಾಕಿ ಬರಬಹುದಂತೆ. ಗುಡ್ಡವಿಲ್ಲ, ಹೊಳೆಯಿಲ್ಲ, ಹವಳದ ಬಿಳಿ ಮರಳು, ತೆಂಗು, ಅಷ್ಟೇ. ಸ್ವಲ್ಪ ಅಗೆದರೆ ಸಿಹಿನೀರು, ಇನ್ನೂ ಅಗೆದರೆ ಉಪ್ಪುನೀರು. ಗಂಡಸರು ಹಿಡಿದು ತಂದ ಮೀನನ್ನು ಬೇಯಿಸಿ, ಹೊಗೆ ಕೊಟ್ಟು, ಕಟ್ಟಿಗೆಯಂತೆ ಒಣಗಿಸಿ ಹೊರಗೆ ಕಳಿಸುತ್ತಾರೆ; ಹೆಂಗಸರು ತೆಂಗಿನ ನಾರಿನ ಹಗ್ಗ ಹೊಸೆಯುತ್ತಾರೆ. ಶುಕ್ರವಾರ ರಜೆ. ವಿದೇಶಿ ಪ್ರವಾಸಿಗಳಿಗೆ ಬೇರೆಯದೇ ದ್ವೀಪಗಳಿವೆ, ಈಚೆಗೆ ದೇಶಕ್ಕೆ ದುಡ್ಡು ಬರುವುದು ಅವರಿಂದಲೇ. ಹಿಂದಿನ ಕಾಲದಲ್ಲಿ ಕವಡೆ ಅಲ್ಲಿಂದಲೇ ಹಡಗು ತುಂಬಿ ಹೋಗುತ್ತಿತ್ತು ಎಂದೂ ಬರೆದಿದ್ದರು. ಅತ್ತೆಯ ಅಣ್ಣ ಮೈಲಾರಲಿಂಗನ ದೀಕ್ಷೆ ಪಡೆದ ಗೊರವ. ಅವರ ಸೊಂಟಪಟ್ಟಿಯ ತುಂಬ ಕವಡೆಗಳು. ಹಾಗಾದರೆ ಮಗ ನೆಂಟರ ಊರಿಗೇ ಹೋದಂತಾಯಿತು ಎಂದು ಅತ್ತೆ ಸಮಾಧಾನಪಟ್ಟುಕೊಂಡರು.

ಒಂದು ಮಳೆಗಾಲ ಕಾಗದ ನಿಂತುಹೋಯಿತು. ಆ ಕಡೆ ಸಮುದ್ರ ಉಕ್ಕಿದೆ ಎಂದು ರೇಡಿಯೋದಲ್ಲಿ ಬಂತು. ಅಲ್ಲಿ ಎಲ್ಲಿಗೆ ಹೋಗಬೇಕಾದರೂ ದೋಣಿಯೇ. ನಮ್ಮವರಿಗೆ ಈಜು ಬಾರದು. ಫೋನ್ ಮಾಡೋಣವೆಂದು ಹೊಸದುರ್ಗದಲ್ಲಿ ದಿನವಿಡೀ ಕಾದರೂ ಲೈನ್ ಸಿಗಲಿಲ್ಲ. ಬದುಕಿದ್ದಾರೋ ಇಲ್ಲವೋ, ನನ್ನ ತಲೆಯಲ್ಲಿ ಅದೊಂದೇ. ಪಾಠ ಮಾಡುತ್ತಿದ್ದವಳು ನಕಾಶೆಯ ನೀಲಿ ನೋಡುತ್ತ ನಿಂತುಬಿಡುತ್ತಿದ್ದೆ.

ಅತ್ತೆ ದೋಣಿ ತುಂಬಿಸುವ ಹರಕೆ ಹೊತ್ತರು. ಗೊರವರ ದೋಣಿ ನೀರಿಗಿಳಿಯುವುದಲ್ಲ, ಅದೇ ಆಕಾರದ ಮರದ ಪಾತ್ರೆ. ಅದರಲ್ಲಿ ಹಾಲು, ಬಾಳೆಹಣ್ಣು, ಬೆಲ್ಲ, ತುಪ್ಪ ತುಂಬಿಸಿದರೆ ಗೊರವರು ಮೈಲಾರನ ನಾಯಿಗಳಂತೆ ಬೊಗಳುತ್ತ, ಮಂಡಿಯೂರಿ ಬಾಯಿಂದಲೇ ತಿನ್ನುತ್ತಾರೆ. ಬೇರೆ ದಿನವಾಗಿದ್ದರೆ ನಾನು ವಾದಕ್ಕೆ ನಿಲ್ಲುತ್ತಿದ್ದೆ. ಅವತ್ತು ಬೇಡವೆನ್ನುವ ಧೈರ್ಯ ನನಗಿರಲಿಲ್ಲ.

ಭಾನುವಾರ ಬೆಳಿಗ್ಗೆ, ಅಂಗಳದಲ್ಲಿ ಒಳ್ಳೆಯ ಬಿಸಿಲು. ಹಾಲು ಕಾಯಿಸಿದವಳು ನಾನು, ಬೆಲ್ಲ ಕುಟ್ಟಿದವಳೂ ನಾನೇ. ಅತ್ತೆಯ ಅಣ್ಣ ಗೊರವಪ್ಪ ಬೊಗಳುತ್ತ ಬಂದು ದೋಣಿಗೆ ಬಾಯಿಟ್ಟವರು ಹಾಗೇ ತಲೆ ಎತ್ತಿದರು.

"ಉಪ್ಪೈತೆ," ಅಂದರು.

ನಾನು ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡೆ. ಹಾಲಿನ ರುಚಿ, ಬೆಲ್ಲದ ರುಚಿ ಯಾವುದೂ ಇರಲಿಲ್ಲ. ಕಹಿ ಬೆರೆತ ಉಪ್ಪು. ಶಾಲೆಯ ಮಕ್ಕಳ ಜೊತೆ ಪ್ರವಾಸ ಹೋಗಿದ್ದಾಗ ಕಡಲ ಅಲೆ ಬಾಯಿಗೆ ಹೊಡೆದಿತ್ತು, ಅದೇ ರುಚಿ. ಒಲೆಯ ಮೇಲೆ ಉಳಿದಿದ್ದ ಹಾಲು ಮಾತ್ರ ಸಿಹಿಯಾಗಿಯೇ ಇತ್ತು. ಕುರಿಗಳಿಗೆ ನೆಕ್ಕಿಸುವ ಉಪ್ಪಿನ ಚೀಲದ ಬಾಯಿಯನ್ನು ಯಾರೂ ಬಿಚ್ಚಿರಲಿಲ್ಲ, ಅಟ್ಟ ಹತ್ತಿ ನೋಡಿ ಬಂದೆ. ದೋಣಿ ಬಗ್ಗಿಸಿದರೆ ತಳದಲ್ಲಿ ಒಂದು ಹಿಡಿ ಬಿಳಿ ಮರಳು. ನಮ್ಮ ಸುತ್ತಮುತ್ತ ಇರುವುದು ಕೆಂಪು ಮಣ್ಣು.

ಅತ್ತೆ ಅಳಲಿಲ್ಲ. ಮರಳನ್ನು ಅಂಗೈಯಲ್ಲಿಟ್ಟುಕೊಂಡು ಬೆರಳಿಂದ ಕೆದಕಿ ನೋಡಿದರು.

"ನೀರಿಂದ ಒಬ್ರು ಎದ್ದು ಬತ್ತಾರೆ ಕಣವ್ವ," ಅಂದರು. "ನನ್ ಮಗ ಅಲ್ಲ."

ಕೆಲವು ದಿನಗಳಲ್ಲೇ ಕಾಗದ ಬಂತು. ಊರೊಳಗೆ ನೀರು ನುಗ್ಗಿ ಅಂಚೆ ನಿಂತಿತ್ತಂತೆ, ತಾವು ಕ್ಷೇಮ. ಓದುತ್ತಲೇ ನನಗೆ ಅಳು ಬಂದುಬಿಟ್ಟಿತು. ಅತ್ತೆ ಮಾತ್ರ ಕುರಿಗಳಿಗೆ ಸೊಪ್ಪು ಹಾಕಲು ಎದ್ದು ಹೋದರು. ಮುಂದಿನ ಬೇಸಿಗೆಯಲ್ಲಿ ನಮ್ಮವರೇ ಬಂದರು. ಅದೇ ಮುಖ, ಅದೇ ದನಿ. ಆ ಭಾನುವಾರದ ವಿಚಾರ ಕೇಳಿದೆ. ಆ ವಾರ ದೋಣಿಯನ್ನೇ ಹತ್ತಿರಲಿಲ್ಲ ಎಂದರು.

ಅವರು ಹೊಸಿಲು ದಾಟುವಾಗ ಅತ್ತೆ ಎದ್ದು ನಿಂತದ್ದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಹುಟ್ಟಿದಾಗಿನಿಂದ ಮಗನನ್ನು 'ಲೇ' ಎಂದೇ ಕರೆದವರು, ಸೆರಗು ಸರಿಮಾಡಿಕೊಂಡು, "ಬರ್ರಿ, ಕುಂತ್ಕಳ್ರಿ" ಅಂದರು. ನಮ್ಮವರು ತಮಾಷೆ ಎಂದುಕೊಂಡು ನಕ್ಕರು. ಸಾಯುವವರೆಗೂ ಅತ್ತೆ ಅವರನ್ನು ಮಾತಾಡಿಸಿದ್ದು ಹಾಗೆಯೇ. ಸಿಟ್ಟಿರಲಿಲ್ಲ. ನನ್ನನ್ನು ಅಡುಗೆಮನೆಗೆ ಕರೆದು, "ಹೊಟ್ಟೆ ತುಂಬ ಬಡಿಸವ್ವ, ಪಾಪ, ದೂರದಿಂದ ಬಂದವ್ರೆ," ಅನ್ನುತ್ತಿದ್ದರು.

ವಯಸ್ಸಾದವರ ಭ್ರಮೆ ಎಂದು ನಾನೂ ಅಂದುಕೊಂಡೆ. ಒಂದು ವಿಷಯ ಇಲ್ಲದಿದ್ದರೆ ಇವತ್ತಿಗೂ ಹಾಗೆಯೇ ಅಂದುಕೊಂಡಿರುತ್ತಿದ್ದೆ. ನಮ್ಮವರು ಮಹಾ ಮರೆಗುಳಿ. ಬಸ್ಸಿನಲ್ಲಿ ಕೊಡೆ, ಹೋಟೆಲಿನಲ್ಲಿ ಕನ್ನಡಕ. ಹೊಳಲ್ಕೆರೆ ಬಸ್ ಸ್ಟ್ಯಾಂಡಿನಲ್ಲಿ ಒಮ್ಮೆ ನನ್ನನ್ನೇ ಮರೆತು ಬಸ್ಸು ಹತ್ತಿದ್ದರು. ದ್ವೀಪದಿಂದ ಬಂದ ಮೇಲೆ ಅವರು ಏನನ್ನೂ ಮರೆತಿಲ್ಲ. ಒಂದು ಕರವಸ್ತ್ರವನ್ನೂ. ಹೆಂಡತಿಯಾದವಳು ಇದಕ್ಕೆ ಖುಷಿಪಡಬೇಕು, ನನಗೆ ಹೆದರಿಕೆಯಾಗುತ್ತದೆ.

ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಜೊತೆಯಲ್ಲೇ ಮುದುಕರಾಗಿದ್ದೇವೆ. ಗೊರವಪ್ಪ ತೀರಿಹೋದ ಮೇಲೆ ಆ ದೋಣಿ ನಮ್ಮ ಮನೆಗೇ ಬಂತು. ಭಾನುವಾರ ಅದನ್ನು ತೊಳೆಯುವಾಗ, ಯಾಕೋ ತಿಳಿಯದು, ಒದ್ದೆ ಬೆರಳನ್ನು ನಾಲಿಗೆಗೆ ತಾಗಿಸಿ ನೋಡುತ್ತೇನೆ. ಅವರು ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿರುತ್ತಾರೆ. ಏನು ಮಾಡುತ್ತಿದ್ದೀಯ ಎಂದು ಇಷ್ಟು ವರ್ಷಗಳಲ್ಲಿ ಒಂದು ಸಲವೂ ಕೇಳಿಲ್ಲ.